ಕಕ್ಕಿದರೆ ಗಾಬರಿ, ಕೆಮ್ಮಿದರೆ ಕಷಾಯ

ಬೆಳಿಗ್ಗೆ ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೆ. ಹಿಂದಿನವರು ಬೆನ್ನು ತಟ್ಟಿ, "ದಾದಾ, ಖಾಂದ್ಯಾವರ ಕಾಹೀತರೀ ಲಾಗ್ಲಂಯ" (ಅಣ್ಣಾ, ಹೆಗಲ ಮೇಲೆ ಏನೋ ಅಂಟಿದೆ) ಅಂದರು. ನೋಡಿದರೆ ಇಸ್ತ್ರಿ ಮಾಡಿದ ನೀಲಿ ಅಂಗಿಯ ಹೆಗಲ ಮೇಲೆ ಹಾಲು ಒಣಗಿದ ಬಿಳಿ ಪಟ್ಟೆ. ಹುಳಿ ವಾಸನೆ ಬೇರೆ. ನಾಲ್ಕು ತಿಂಗಳಿಂದ ನನ್ನ ಎಲ್ಲ ಅಂಗಿಗಳದ್ದೂ ಇದೇ ಕತೆ. ಮಗಳಿಗೆ ಎಡಗಡೆ ಹೆಗಲೇ ಇಷ್ಟ.

ಈಗ ನಗು ಬರುತ್ತೆ. ಮೊದಲ ತಿಂಗಳು ನಗು ಬಂದಿರಲಿಲ್ಲ. ಬಾಣಂತನಕ್ಕೆ ಗದಗದಿಂದ ಬಂದಿದ್ದ ಅತ್ತೆ, "ಕೂಸಿಗೆ ಹಾಲು ದಕ್ಕವಲ್ದು, ಯಾರದೋ ದೃಷ್ಟಿ ಆಗೇತಿ" ಅಂತ ದಿನಾ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಪಕ್ಕದ ಮನೆ ಕಾಕೂ ಬಾಳಗುಟಿ, ಅಂದರೆ ಕೂಸಿಗೆ ಕೊಡೋ ಗಿಡಮೂಲಿಕೆ ಮದ್ದು, ತೇಯ್ದು ಕುಡಿಸಿ ಅಂದರು. ನಾನು ರಾತ್ರಿ ಎರಡು ಗಂಟೆಗೆ ಮೊಬೈಲ್ ನೋಡುತ್ತಾ ಇಲ್ಲದ ರೋಗಗಳನ್ನೆಲ್ಲ ಮಗಳಿಗೆ ಅಂಟಿಸುತ್ತಿದ್ದೆ. ಹೆಂಡತಿ ಮಾತ್ರ ಸುಮ್ನೆ ಬಟ್ಟೆ ಬದಲಿಸುತ್ತಿದ್ದಳು.

ಮಕ್ಕಳ ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ತೂಕ ಏರ್ತಿದೆಯಾ? ದಿನಕ್ಕೆ ಎಷ್ಟು ಸಲ ಉಚ್ಚೆ? ತೂಕ ಏರುತ್ತಿತ್ತು. ಉಚ್ಚೆ ಏಳೆಂಟು ಸಲ. "ಹಾಗಾದರೆ ಮನೆಗೆ ಹೋಗಿ" ಅಂದರು. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಸ್ನಾಯು ಇರುತ್ತೆ. ದೊಡ್ಡವರಲ್ಲಿ ಅದು ದಾರ ಎಳೆದ ಚೀಲದ ಬಾಯಿಯಂತೆ ಬಿಗಿ. ಕೂಸಿನಲ್ಲಿ ಇನ್ನೂ ಸಡಿಲ. ಹೊಟ್ಟೆ ಚಿಕ್ಕದು, ಊಟ ಬರೀ ಹಾಲು, ದಿನವಿಡೀ ಮಲಗೇ ಇರೋದು. ಮೇಲೆ ಬರದೆ ಇನ್ನೇನಾಗುತ್ತೆ? ಮೂರು ತಿಂಗಳೊಳಗಿನ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಜಾಸ್ತಿ. ಎದ್ದು ಕೂರಲು ಕಲಿತ ಮೇಲೆ ಕಡಿಮೆ. ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರಲ್ಲಿ ನಿಂತೇ ಹೋಗುತ್ತೆ.

ಅತ್ತೆ ಒಪ್ಪಲಿಲ್ಲ. "ಕುಡಿದಿದ್ದೆಲ್ಲ ಹೊರಗ ಬಂತಲ್ರೀ" ಅಂತ ಹಠ. ಒಂದು ದಿನ ಔಷಧಿ ಮುಚ್ಚಳದಲ್ಲಿ 10 ಎಂಎಲ್ ಹಾಲು ಅಳೆದು, ಹಳೇ ಪಂಚೆಯ ತುಂಡಿನ ಮೇಲೆ ಸುರಿದು ತೋರಿಸಿದೆ. ಬರೀ ಎರಡು ಟೀ ಚಮಚ. ಕಲೆ ನನ್ನ ಅಂಗೈ ಮೀರಿ ಹರಡಿತು. ಅತ್ತೆ ಮುಚ್ಚಳ ಕಸಿದುಕೊಂಡು, ತಾವೇ ಅಳೆದು ಇನ್ನೊಮ್ಮೆ ಸುರಿದರು. ಆಮೇಲೆ ದೃಷ್ಟಿ ತೆಗೆಯೋದು ವಾರಕ್ಕೊಮ್ಮೆ ಆಯಿತು. ಪೂರ್ತಿ ನಿಲ್ಲಲಿಲ್ಲ, ಇರಲಿ ಬಿಡಿ.

ನಮ್ಮ ಭಾಷೆಯಲ್ಲೇ ಎರಡು ಮಾತಿವೆ, ಅಲ್ವಾ? ಕಕ್ಕೋದು ಬೇರೆ, ವಾಂತಿ ಬೇರೆ. ಕಕ್ಕುವಾಗ ಕೂಸಿಗೆ ಗೊತ್ತೂ ಆಗಲ್ಲ. ಬಾಯಿ ಅಂಚಿಂದ ಹಾಲು ಜಾರುತ್ತೆ, ಅದು ಫ್ಯಾನ್ ನೋಡುತ್ತಾ ಇರುತ್ತೆ. ಹಸಿರು ವಾಂತಿ ಆದರೆ, ರಕ್ತ ಕಂಡರೆ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮೂರರಿಂದ ಆರು ವಾರದ ಕೂಸು ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವ ಹಾಗೆ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಅತ್ತರೂ ತಡ ಮಾಡಬಾರದು. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ಕಟ್ಟಿಕೊಂಡಿರಬಹುದು. ತೂಕ ಏರದಿದ್ದರೆ, ಉಚ್ಚೆ ಕಡಿಮೆಯಾದರೆ ಕೂಡ ತೋರಿಸಬೇಕು.

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಏಳನೇ ವಾರ ಮಗಳು ಕೆಮ್ಮಿದಳು. ದೊಡ್ಡ ಮಗ ಬಾಲವಾಡಿಯಿಂದ ನೆಗಡಿ ತಂದಿದ್ದ. ಹಾಲು ಕಕ್ಕಿದ್ದಕ್ಕೆ ಮನೆ ತಲೆಕೆಳಗೆ ಮಾಡಿದ್ದ ನಾವೆಲ್ಲ ಕೆಮ್ಮಿಗೆ ಮಾತ್ರ ಎಷ್ಟು ಆರಾಮಾಗಿದ್ದೆವು! "ಥಂಡಿ ಆಗೇತಿ, ಬಜಿ ತೇಯ್ದು ಜೇನುತುಪ್ಪದಾಗ ನೆಕ್ಕಿಸಿದ್ರ ಹೋಗತೈತಿ" ಅಂದರು ಅತ್ತೆ. ಸಾಂಬ್ರಾಣಿ ಹೊಗೆಗೆ ಕೆಂಡ ರೆಡಿ. ನಾನಂತೂ ಇನ್ನೂ ದಡ್ಡ. ಮಗನಿಗೆ ತಂದಿದ್ದ ಕೆಂಪು ಸಿರಪ್ ಕಪಾಟಿನಿಂದ ತೆಗೆದು, ಅರ್ಧ ಚಮಚ ಸಾಕಾಗಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಹೆಂಡತಿ ಬಾಟಲಿ ಕಸಿದುಕೊಂಡಳು.

ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಿಂದ ಬೊಟುಲಿಸಂ ಅನ್ನೋ ಕಾಯಿಲೆ ಬರಬಹುದು. ಹೊಗೆ ಕೆಮ್ಮನ್ನು ಜಾಸ್ತಿ ಮಾಡುತ್ತೆ ಅಷ್ಟೇ. ಇನ್ನು ಸಿರಪ್? ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆತ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧಿ ಬರೆಯಬೇಡಿ ಅಂತ ಹೇಳಿತು. ಆ ಸುದ್ದಿ ಓದಿ ಅಯ್ಯೋ ಅಂದವನು ನಾನೇ. ಬಾಟಲಿ ಕೈಗೆತ್ತಿಕೊಂಡವನೂ ನಾನೇ.

ಹಾಲು ಕುಡಿಯುವಾಗ ಒಂದೆರಡು ಸಲ ಕೆಮ್ಮಿದರೆ ಅದು ಬೇರೆ. ಹಾಲು ಜೋರಾಗಿ ಬಂತು, ಕೂಸು ಗಂಟಲು ಕಾಯ್ದುಕೊಂಡಿತು. ನೆತ್ತಿಗೆ ಹತ್ತಿತು ಅಂತ ನಾವು ನೆತ್ತಿ ತಟ್ಟುತ್ತೇವೆ, ಊದುತ್ತೇವೆ. ಅದರ ಬದಲು ಸ್ವಲ್ಪ ಎತ್ತಿ ಹಿಡಿದು, ತೇಗು ಬರಿಸಿದರೆ ಸಾಕು. ಬಾಟಲಿ ನಿಪ್ಪಲ್‌ನ ತೂತನ್ನು ಸೂಜಿ ಕಾಯಿಸಿ ದೊಡ್ಡದು ಮಾಡುವವರು ಇದ್ದಾರೆ, ದಯವಿಟ್ಟು ಬೇಡ. ಕಕ್ಕುತ್ತೆ ಅಂತ ಬೋರಲು ಮಲಗಿಸೋದೂ ಬೇಡ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತೆ, ಅನ್ನನಾಳ ಕೆಳಗೆ. ಹಾಲು ಮೇಲೆ ಹತ್ತಿ ಉಸಿರಿನ ದಾರಿಗೆ ಹೋಗೋದು ಕಷ್ಟ. ಬೋರಲು ಮಲಗಿಸಿದರೆ ಇದೇ ಉಲ್ಟಾ.

ಆದರೆ ಮೂರು ತಿಂಗಳೊಳಗಿನ ಕೂಸಿಗೆ ಕೆಮ್ಮು ಹತ್ತಿಕೊಂಡರೆ ಮನೆಮದ್ದಿನ ಮಾತೇ ಇಲ್ಲ, ಡಾಕ್ಟರ್ ನೋಡಬೇಕು. ನಾಯಿಕೆಮ್ಮು ಇಷ್ಟು ಚಿಕ್ಕ ಕೂಸಿಗೆ ಬಂದರೆ ಕೆಮ್ಮಿ ಉಸಿರೆಳೆದಾಗ ಬರುವ ಆ 'ಹೂಪ್' ಸದ್ದೂ ಬರದಿರಬಹುದು. ಉಸಿರು ನಿಂತು ನೀಲಿಯಾಗುತ್ತೆ ಅಷ್ಟೇ. ಅದಕ್ಕೇ 6, 10, 14ನೇ ವಾರದ, ನಾಯಿಕೆಮ್ಮನ್ನೂ ತಡೆಯುವ ಪೆಂಟಾ ಲಸಿಕೆ ಮುಂದಕ್ಕೆ ಹಾಕಬಾರದು. ಜೊತೆಗೆ 100.4 ಡಿಗ್ರಿ ಜ್ವರ ಬಂದರೆ, ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆದರೆ, ಹಾಲು ಬಿಟ್ಟರೆ, ಬೆಳಗಾಗಲಿ ಅಂತ ಕಾಯಬಾರದು. ತುಟಿ ನೀಲಿಯಾದರೆ 108.

ಮಗಳನ್ನು ಕೆಮ್ಮಿಗೆ ತೋರಿಸಿದಾಗ ಡಾಕ್ಟರ್ ಸ್ಟೆಥೋಸ್ಕೋಪ್ ಮುಟ್ಟುವ ಮೊದಲು ಮಗಳ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರಾ ಒಂದು ನಿಮಿಷ ಹೊಟ್ಟೆ ಏರಿಳಿಯೋದನ್ನು ಎಣಿಸಿದರು. 44 ಉಸಿರು. ಎರಡು ತಿಂಗಳೊಳಗೆ 60 ಮುಟ್ಟಿದರೆ, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ ಅಪಾಯ, ಅಳುವಾಗ ಎಣಿಸಬೇಡಿ ಅಂದರು. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಬರೆದರು, ಅಷ್ಟೇ. ಅತ್ತೆ ಪೆಚ್ಚಾಗಿ, "ಇಷ್ಟಕ್ಕ ಅಷ್ಟು ಫೀಸ?" ಅಂದರು.

ನಿನ್ನೆ ರಾತ್ರಿ ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ಅತ್ತೆ ಮಲಗಿದ ಕೂಸಿನ ಅಂಗಿ ಎತ್ತಿ, ಗೋಡೆ ಗಡಿಯಾರದ ಕಡೆ ಕತ್ತು ತಿರುಗಿಸಿ ಕೂತಿದ್ದರು. "ಏನಾಯ್ತ್ರೀ?" ಅಂದೆ.

"ಸುಮ್ನಿರ್ರಿ, ಲೆಕ್ಕ ತಪ್ಪತೈತಿ."