ಪಾಪ, ಮನೆ ಇಲ್ವಂತೆ

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ ಮುಗಿಸಿದ್ದರು. ಸಾಸಿವೆ ಡಬ್ಬದ ಮೇಲೆ 'ಸಾಸಿವೆ' ಅಂತ. ಮೂವತ್ತೆರಡು ವರ್ಷದಿಂದ ಅದೇ ಡಬ್ಬ ತೆಗೆದು ಒಗ್ಗರಣೆ ಹಾಕುತ್ತಿರುವ ನನಗೆ ಗೊತ್ತಾಗಲಿ ಎಂದು. ಇನ್ನು ಚೀಟಿ ಅಂಟಿಸಲು ಮನೆಯಲ್ಲಿ ಉಳಿದಿರುವುದು ನಾನೊಬ್ಬಳೇ ಎಂದು ಹೆದರಿಕೊಂಡಿದ್ದೆ. ಅಷ್ಟರಲ್ಲಿ ಮೈಸೂರಿನ ಗೆಳೆಯರೊಬ್ಬರ ಫೋನು ಬಂತು. ಅವರು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಮಾಡಿಸಿದ್ದಾರಂತೆ. ಎರಡು ವಾರ ಓಡಿಸಿಕೊಳ್ಳಿ ಅಂದರಂತೆ.

"ಹೋಟೆಲ್ ಬುಕ್ ಮಾಡೋ ಗೋಜಿಲ್ಲ, ಯಾರ ಹಂಗೂ ಇಲ್ಲ. ಬೇಕಾದ ಕಡೆ ನಿಲ್ಸೋದು, ನಡೆಯೋದು, ಸೈಕಲ್ ಹೊಡೆಯೋದು, ಮಲಗೋದು" ಅಂದರು ಇವರು.

"ಎಲ್ಲಿಗೆ ಹೋಗೋದು?" ಅಂದೆ. ಹಿಮಾಲಯ ಅಂತಾರೇನೋ ಅಂದುಕೊಂಡಿದ್ದೆ.

"ಹಾಸನ, ಚಿಕ್ಕಮಗಳೂರು."

ನಾವು ಇರುವುದೇ ಹಾಸನದಲ್ಲಿ. ಆದರೆ ಇವರ ವಾದದಲ್ಲೂ ಹುರುಳಿತ್ತು. ಹುಟ್ಟಿ ಬೆಳೆದ ಜಿಲ್ಲೆಯನ್ನು ಮದುವೆ, ತಿಥಿ, ಗೃಹಪ್ರವೇಶ ಬಿಟ್ಟು ಬೇರೆ ಕಾರಣಕ್ಕೆ ನಾವು ನೋಡಿಯೇ ಇರಲಿಲ್ಲ.

ಡಿಸೆಂಬರ್ ಮೊದಲ ವಾರ ಗಾಡಿ ಬಂತು. ಹಿಂದೆ ಮಂಚ, ಪಕ್ಕದಲ್ಲಿ ಎರಡು ಬರ್ನರಿನ ಒಲೆ, ಅಂಗೈಯಗಲದ ಸಿಂಕು, ನೀರಿನ ಟ್ಯಾಂಕು. ಬೀರು ಅಂದುಕೊಂಡು ಬಾಗಿಲು ತೆಗೆದರೆ ಟಾಯ್ಲೆಟ್ಟು. ಗಾಡಿಯ ಬೆನ್ನಿಗೆ ಎರಡು ಗೇರ್ ಸೈಕಲ್. ನಾನು ಕೊನೆಯ ಸಲ ಸೈಕಲ್ ತುಳಿದದ್ದು ಎಸ್ಸೆಸ್ಸೆಲ್ಸಿಯಲ್ಲಿ. ಅದಕ್ಕೆ ಇದ್ದದ್ದು ಬೆಲ್ಲು ಮಾತ್ರ. ಇವರು ಗಾಡಿಯ ಎತ್ತರ ಅಳೆದು, '9.5 ಅಡಿ' ಅಂತ ಚೀಟಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿದರು. ನಾನು ಎರಡು ಕೆಜಿ ಬನ್ಸಿ ರವೆ, ಅಕ್ಕಿ, ಬೇಳೆ, ಹುಳಿಪುಡಿ, ಚಟ್ನಿಪುಡಿ, ಕಾಫಿ ಫಿಲ್ಟರು ತುಂಬಿಕೊಂಡೆ. ಹಂಗಿಲ್ಲದೆ ಬದುಕಬೇಕಲ್ಲ.

ಮೊದಲ ರಾತ್ರಿ ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ನಾವು ಹೋದಾಗ ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ನೀರಿನ ಹತ್ತಿರ ಮಲಗಿದರೆ ಬೆಳಿಗ್ಗೆ ಏಳುತ್ತಲೇ ಚರ್ಚು ಕಾಣುತ್ತೆ ಎಂದು ಇವರು ಗಾಡಿಯನ್ನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಮುಂದೆ ಬಿಟ್ಟರು. ಮೇಲೆ ಒಣಗಿದ ಹಾಗಿದ್ದ ಮಣ್ಣು ಒಳಗೆ ದೋಸೆಹಿಟ್ಟಾಗಿತ್ತು. ಹಿಂದಿನ ಎರಡೂ ಚಕ್ರ ಹೂತವು. ಚರ್ಚಿನ ಜೊತೆ ನಾವೂ ಮೇಲೇಳಲು ಬೇಸಿಗೆಗೇ ಕಾಯಬೇಕೇನೋ ಅನ್ನಿಸಿತು.

ಕತ್ತಲಾಗುವ ಹೊತ್ತಿಗೆ ಹುಡುಗನೊಬ್ಬ ಟ್ರ್ಯಾಕ್ಟರ್ ತಂದು ಎಳೆದು ಹಾಕಿದ. ಅವನ ಹಿಂದೆ ಅವನಜ್ಜಿಯೂ ಬಂದಿದ್ದರು. ಗಾಡಿಯೊಳಗೆ ಬಗ್ಗಿ ನೋಡಿದರು. ಹಾಸಿಗೆ, ಒಲೆ, ಪಾತ್ರೆ, ಹಗ್ಗದ ಮೇಲೆ ಇವರ ಟವೆಲು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಮಕ್ಳು ಮನೆಯಿಂದ ಆಚೆ ಹಾಕಿದ್ರೇನವ್ವಾ?"

ಇಲ್ಲಜ್ಜಿ, ನಮಗೆ ಮನೆ ಇದೆ, ಇಲ್ಲೇ ಹಾಸನದಲ್ಲಿ, ಸುಮ್ನೆ ಹೀಗೆ ಬಂದಿದ್ದೇವೆ ಅಂದೆ. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಸ್ವಂತ ಮನೆ ಇರುವವರು ಕೆಸರಿನಲ್ಲಿ ಯಾಕೆ ಮಲಗುತ್ತಾರೆ? ಅಜ್ಜಿ ನಂಬಲಿಲ್ಲ. ಬೇಲಿಯಾಚೆ ನಿಂತಿದ್ದವರಿಗೆ "ಪಾಪ, ಮನೆ ಇಲ್ವಂತೆ" ಅನ್ನುವುದು ನನಗೆ ಚೆನ್ನಾಗಿಯೇ ಕೇಳಿಸಿತು. ರಾತ್ರಿ ಅವರ ಮನೆಯಲ್ಲಿ ರಾಗಿಮುದ್ದೆ, ಅವರೆಕಾಳು ಸಾರು, ಹುಚ್ಚೆಳ್ಳು ಚಟ್ನಿ. ಇವರು ಎರಡನೇ ಮುದ್ದೆ ನುಂಗುತ್ತಾ ನನ್ನ ಕಡೆ ನೋಡಲಿಲ್ಲ.

ಊಟಕ್ಕಾಯಿತು, ಇನ್ನು ನಿದ್ದೆ. ಹಾಸಿಗೆ ಸಮ ಇರಬೇಕು ಅಂತ ಇವರು ಮೊಬೈಲಿನಲ್ಲಿ ಮೇಸ್ತ್ರಿಗಳ ರಸಮಟ್ಟದಂಥ ಆ್ಯಪ್ ಒಂದು ಹಾಕಿಕೊಂಡಿದ್ದರು. ಚಕ್ರದ ಕೆಳಗೆ ಕಲ್ಲಿಡುವುದು, ಆ್ಯಪ್ ನೋಡುವುದು, ಕಲ್ಲು ತೆಗೆಯುವುದು. ಇದು ಮುಕ್ಕಾಲು ಗಂಟೆಯ ಪೂಜೆ. ಆಮೇಲೆ ಮಲಗಿದರೆ ರಾತ್ರಿಯೆಲ್ಲ ನಾನು ಮೆಲ್ಲಗೆ ಒಲೆಯ ಕಡೆ ಜಾರುತ್ತಿದ್ದೆ. "ಆ್ಯಪ್ ಪ್ರಕಾರ ಸಮ ಇದೆ ಕಣೇ" ಅನ್ನುತ್ತಿದ್ದರು. ಬೆಳಿಗ್ಗೆ ನನ್ನ ತಲೆ ಸಿಲಿಂಡರಿಗೆ ತಾಗಿರುತ್ತಿತ್ತು.

ಸಕಲೇಶಪುರದಲ್ಲಿ ಮಂಜರಾಬಾದ್ ಕೋಟೆ ಹತ್ತಿದೆವು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಫೋಟೋದಲ್ಲಿ ಎಷ್ಟು ಚಂದ! ಆದರೆ ಆ ಫೋಟೋಗಳನ್ನೆಲ್ಲ ಡ್ರೋನಿನಿಂದ ತೆಗೆದಿರುತ್ತಾರೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದರೆ ಕಾಣುವುದು ಗೋಡೆ ಅಷ್ಟೆ. ಇವರು ಎಂಟು ಮೂಲೆ ಎಣಿಸಿಯೇ ಬರುತ್ತೇನೆ ಅಂತ ಸುತ್ತು ಹೊರಟರು. ಮೊದಲ ಸುತ್ತಿನಲ್ಲಿ ಏಳು ಬಂತು. ಎರಡನೆಯದರಲ್ಲಿ ಒಂಬತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಮಾಡಿದ ಮನುಷ್ಯ! ಏಳು, ಒಂಬತ್ತು ಕೂಡಿ ಎರಡರಿಂದ ಭಾಗಿಸಿದರೆ ಎಂಟೇ ಬರುತ್ತೆ, ನಡೀರಿ ಅಂತ ಎಳೆದುಕೊಂಡು ಬಂದೆ.

ಆ ರಾತ್ರಿ ಕಾಫಿ ತೋಟದ ಪಕ್ಕ, ಮಣ್ಣು ರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆವು. ಉಪ್ಪಿಟ್ಟಿಗೆ ಎಂದು ರವೆ ಹುರಿಯಲು ಬಾಣಲೆ ಇಟ್ಟೆ. ರವೆ ಇನ್ನೂ ಘಮ್ ಅಂದಿರಲಿಲ್ಲ, ಟಾರ್ಚು ಹಿಡಿದು ತೋಟದ ಲೆಕ್ಕ ಬರೆಯುವ ರೈಟರು ಓಡಿ ಬಂದರು.

"ಸಾರ್, ಇಲ್ಲಿ ಮಲಗ್ತೀರಾ? ಆನೆ ಮೆಸೇಜ್ ಬಂದಿದೆ!"

ಆ ಕಡೆ ಹಾಗೆ, ಆನೆ ಹತ್ತಿರ ಬಂದರೆ ಮೊಬೈಲಿಗೆ ಮೆಸೇಜು ಬರುತ್ತದೆ. ಬ್ಯಾಂಕಿನವರ ಮೆಸೇಜಿಗಿಂತ ಆನೆಯ ಮೆಸೇಜು ಮುಖ್ಯ. ಭತ್ತ ಕೊಯ್ಲಿನ ಹೊತ್ತಿಗೆ ಗುಂಪುಗಳು ಗದ್ದೆಗೆ ಇಳಿಯುತ್ತವೆ. ರೈಟರು ವ್ಯಾನಿನೊಳಗೆ ಟಾರ್ಚು ಬಿಟ್ಟು, "ಬಾಳೆಹಣ್ಣು ಇದೆಯಾ?" ಅಂದರು. ಎರಡು ಚಿಪ್ಪು ಪುಟ್ಟಬಾಳೆ ತೂಗುಹಾಕಿದ್ದೆ. ಅವರು ನಮ್ಮನ್ನು ನೋಡಿದ ರೀತಿ ಹೇಗಿತ್ತೆಂದರೆ, ಆನೆಗೆ ನಾವು ಊಟದ ಬುತ್ತಿ ಕಟ್ಟಿಕೊಂಡು ಬಂದ ಹಾಗಿತ್ತು.

ಗಾಡಿಯನ್ನು ತೋಟದ ಕಾಫಿ ಕಣಕ್ಕೆ ತಂದು ನಿಲ್ಲಿಸಿದರು. ಸಿಮೆಂಟಿನ ನೆಲ. ಪ್ರವಾಸದಲ್ಲಿ ನಾನು ಜಾರದೆ ಮಲಗಿದ್ದು ಅದೊಂದೇ ರಾತ್ರಿ. ಬೆಳಿಗ್ಗೆ ಆರಕ್ಕೆ ಹೊರಗೆ ಗಲಾಟೆ. ಕಿಟಕಿ ಸರಿಸಿದರೆ ಬುಟ್ಟಿ, ಚೀಲ ಹಿಡಿದು ಹದಿನೈದು ಜನ ನಿಂತಿದ್ದಾರೆ. ಹಣ್ಣು ಹರಡಬೇಕು, ನಾವು ಕಣದ ನಟ್ಟನಡುವೆ ಇದ್ದೇವೆ. ಇವರು ಪಂಚೆಯಲ್ಲೇ ಗಾಡಿ ಹಿಂದಕ್ಕೆ ತೆಗೆದರು. ಹದಿನೈದು ಜನವೂ ಹದಿನೈದು ದಿಕ್ಕಿಗೆ "ಬರ್ಲಿ ಬರ್ಲಿ" ಅಂದರು. ರೈಟರ ಹೆಂಡತಿ ತಿಂಡಿಗೆ ಕರೆದರು. ಕಡುಬು, ಕಾಯಿಚಟ್ನಿ. ರವೆ ಅರ್ಧ ಹುರಿದದ್ದು ಹಾಗೇ ಡಬ್ಬಕ್ಕೆ ವಾಪಸ್ ಹೋಯಿತು.

ಇನ್ನು ಸೈಕಲ್ ಕಥೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇವರಿಗೆ ಹುರುಪು ಬಂತು. ಮುಂದೆ ಚಾರ್ಮಾಡಿ ಘಾಟಿ, ಇಳಿಜಾರು. "ತುಳಿಯೋದೇ ಬೇಡ, ಕೂತರೆ ಸಾಕು" ಅಂದರು. ನಿಜ, ಸುಮ್ನೆ ಕೂತೆ. ತಣ್ಣನೆ ಗಾಳಿ, ಬಂಡೆಗಳಿಂದ ಸೋರುವ ನೀರು, ಕಣಿವೆ ತುಂಬ ಮಂಜು. ನಲವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಂತು ಕೈಮುಗಿದೆವು. ಆಗ ನನಗೊಂದು ಸಣ್ಣ ಅನುಮಾನ ಬಂತು.

"ರೀ, ಗಾಡಿ?"

"ಮೇಲಿದೆ."

"ಯಾರು ತರ್ತಾರೆ?"

ಇವರು ಬಾಯಿ ತೆಗೆದರು, ಮುಚ್ಚಿದರು. ದೇವರ ಕಡೆ ತಿರುಗಿ ಇನ್ನೊಮ್ಮೆ ಕೈಮುಗಿದರು.

ಸೈಕಲ್ ತಳ್ಳಿಕೊಂಡು ಒಂದು ತಿರುವು ಹತ್ತಿದೆವು. ಎರಡನೇ ತಿರುವಿನಲ್ಲಿ ನಾನು ಕಲ್ಲಿನ ಮೇಲೆ ಕೂತೆ. ಇಪ್ಪತ್ತೊಂದು ಗೇರ್ ಇರುವ ಸೈಕಲ್ಲು, ತಳ್ಳುವುದಕ್ಕೆ ಒಂದು ಗೇರೂ ಇಲ್ಲ. ಕೊನೆಗೆ ಕರಾವಳಿಯಿಂದ ಘಾಟಿ ಹತ್ತುತ್ತಿದ್ದ ಪಿಕಪ್ ಒಂದು ನಿಂತಿತು. "ಎಂತ ಮಾರಾಯ್ರೆ, ಈ ಪ್ರಾಯದಲ್ಲಿ!" ಎಂದು ಡ್ರೈವರು ಸೈಕಲ್ ಎತ್ತಿ ಹಿಂದೆ ಹಾಕಿದ. ಮುಂದೆ ಒಬ್ಬರಿಗೆ ಮಾತ್ರ ಜಾಗ. ನಾನು ಕೂತೆ. ಇವರು ಹಿಂದೆ, ಕ್ರೇಟುಗಳ ಮೇಲೆ. ಕ್ರೇಟಿನಲ್ಲಿ ಐಸು, ಐಸಿನಲ್ಲಿ ಬಂಗುಡೆ ಮೀನು.

ಮೂರು ದಿನ ಸ್ನಾನ ಮಾಡಿದರೂ ಅದು ಹೋಗಲಿಲ್ಲ. ಆಲ್ದೂರಿನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಹಚ್ಚಿಕೊಳ್ಳುವ ಜಾತಿಯಲ್ಲ. ಇವರು ಅಂಗಳದಲ್ಲಿ ಇಳಿದದ್ದೇ ತಡ, ಮೂರೂ ಬಂದು ಕಾಲು ಸುತ್ತಿದವು. "ಭಾವನ ಕಂಡ್ರೆ ಅವಕ್ಕೆ ಎಷ್ಟು ಪ್ರೀತಿ ನೋಡಕ್ಕ" ಅಂದಳು ಅವಳು. ನಾನು ಏನೂ ಹೇಳಲಿಲ್ಲ.

ಅಲ್ಲಿಗೆ ಹೋಗುವ ಯೋಚನೆಯೇ ನಮಗಿರಲಿಲ್ಲ. ಪೇಟೆಯಲ್ಲಿ ತರಕಾರಿ ಕೊಳ್ಳುವಾಗ ಸಿಕ್ಕಿಬಿದ್ದೆವು. "ನಾವೇನು ಸತ್ತು ಹೋಗಿದೀವಾ? ನಮ್ಮೂರಿಗೆ ಬಂದು ರಸ್ತೇಲಿ ಮಲಗ್ತೀರಾ?" ಎಂದು ಅಳುವುದೊಂದು ಬಾಕಿ. ಮೂರು ರಾತ್ರಿ ಅಲ್ಲೇ. ನಾವು ಅವರ ಮಕ್ಕಳ ಕೋಣೆಯಲ್ಲಿ ಮಲಗಿದೆವು. ಮಕ್ಕಳು ನಮ್ಮ ವ್ಯಾನಿನಲ್ಲಿ ಮಲಗಿದರು. ಬೆಳಿಗ್ಗೆ ಅವರು ಹಲ್ಲು ಬಿಟ್ಟುಕೊಂಡು ಇಳಿದು ಬಂದು, "ದೊಡ್ಡಮ್ಮ, ಸೂಪರ್ ಆಗಿದೆ, ಜಾರುಬಂಡೆ ಥರ!" ಅಂದರು.

ಅಷ್ಟರಲ್ಲಿ ಬೆಂಗಳೂರಿನಿಂದ ಮಗನ ಫೋನು. "ಅಮ್ಮಾ, ಇವತ್ತು ನಾಲ್ಕು ಜನ ಫೋನ್ ಮಾಡಿ ಉಗಿದ್ರು. ಅಪ್ಪ ಅಮ್ಮನ್ನ ಬೀದಿಗೆ ಹಾಕಿದೀಯಂತಲ್ಲ ಅಂತ. ದಯವಿಟ್ಟು ಗೊತ್ತಿರೋರಿಗೆ ಮುಖ ತೋರಿಸ್ಬೇಡಿ." ಗೊತ್ತಿಲ್ಲದವರೇ ಜಾಸ್ತಿ ಕಾಟ ಕಣಪ್ಪ ಅಂದೆ.

ಮುಳ್ಳಯ್ಯನಗಿರಿಯನ್ನು ಸರ್ಪದಾರಿಯಲ್ಲಿ ನಡೆದೇ ಹತ್ತಿದೆವು. 1,930 ಮೀಟರ್, ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ನನ್ನ ಮಂಡಿ ಅದನ್ನು ಈಗಲೂ ಖಚಿತಪಡಿಸುತ್ತದೆ. ಮೇಲೆ ಗಾಳಿ ಎಷ್ಟಿತ್ತೆಂದರೆ ಇವರ ಟೋಪಿ ಬಾಬಾ ಬುಡನ್‌ಗಿರಿ ಕಡೆ ಹಾರಿಹೋಯಿತು. ಅದು ನಾವು ಆ ಬೆಟ್ಟಕ್ಕೆ ಕೊಟ್ಟ ಕಾಣಿಕೆ. ಬಾಬಾ ಬುಡನ್ ಯೆಮನ್ನಿನಿಂದ ಏಳೇ ಏಳು ಕಾಫಿ ಬೀಜ ತಂದರು ಅನ್ನುತ್ತಾರೆ. ಆ ಏಳು ಬೀಜದ ದೆಸೆಯಿಂದ ನಾವು ಆ ವಾರ ದಿನಕ್ಕೆ ಒಂಬತ್ತು ಲೋಟ ಕಾಫಿ ಕುಡಿದೆವು. ದಾರಿ ಕೇಳಿದರೆ ಕಾಫಿ, ನೀರು ಕೇಳಿದರೆ ಕಾಫಿ. ನಿದ್ದೆ ಬಾರದಿದ್ದಕ್ಕೆ ಪೂರ್ತಿ ಆ್ಯಪನ್ನೇ ದೂರುವುದು ತಪ್ಪಾದೀತು.

ಕಾಫಿಯಿಂದ ಸಹಜವಾಗಿ ಟಾಯ್ಲೆಟ್ಟಿನ ಮಾತಿಗೆ ಬರಬೇಕು. ಅದರ ಕೆಳಗೆ ಒಂದು ಡಬ್ಬ ಇರುತ್ತದೆ, ಎರಡು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಬೂದು ಬಣ್ಣದ, ಹಿಡಿಯಿರುವ, ನೋಡಲು ಸಭ್ಯವಾದ ಡಬ್ಬ. ಚಿಕ್ಕಮಗಳೂರಿನ ಪೆಟ್ರೋಲ್ ಬಂಕೊಂದರ ಶೌಚಾಲಯಕ್ಕೆ ಇವರು ಅದನ್ನು ಹಿಡಿದು, ಬ್ಯಾಂಕಿನ ಕ್ಯಾಶ್ ಪೆಟ್ಟಿಗೆಯ ಹಾಗೆ ಎದೆಗವಚಿಕೊಂಡು ಹೋಗುತ್ತಿದ್ದರು. ಕಾರಿನಿಂದಿಳಿದ ಪ್ರವಾಸಿಯೊಬ್ಬರು ಅಡ್ಡ ಬಂದು, "ಜೇನುತುಪ್ಪಾನಾ ಸಾರ್? ಒರಿಜಿನಲ್ಲಾ? ಕೆಜಿ ಎಷ್ಟು?" ಅಂದರು. ಇವರು ತುಂಬ ಗಂಭೀರವಾಗಿ, "ಒರಿಜಿನಲ್ಲೇ. ಆದ್ರೆ ಮಾರಾಟಕ್ಕಿಲ್ಲ" ಅಂದರಂತೆ.

ಬೆಳವಾಡಿಯಿಂದ ಒಳದಾರಿ ಹಿಡಿದೆವು. ಒಂದು ಊರಿನಲ್ಲಿ ರಸ್ತೆಗೆ ಅಡ್ಡಲಾಗಿ ಮದುವೆ ಚಪ್ಪರ. ತೆಂಗಿನ ಗರಿ, ಮಾವಿನ ಸೊಪ್ಪು. ಇವರು ಚೀಟಿ ನೋಡಿದರು, ಚಪ್ಪರ ನೋಡಿದರು, ಹೋಗುತ್ತೆ ಅಂದರು. ಗಾಡಿಯ ಎತ್ತರ ಅಳೆಯುವಾಗ ಮೇಲಿನ ಗಾಳಿಕಿಂಡಿಯ ಮುಚ್ಚಳ ಹಾಕಿತ್ತು. ಈಗ ಅದು ತೆರೆದಿತ್ತು. ಒಂದು ಬೊಂಬು, ಒಂದು ಸಾಲು ಗರಿ, ಅರ್ಧ ಸೀರಿಯಲ್ ಸೆಟ್ಟು ನಮ್ಮ ಜೊತೆ ಬಂದವು.

ಬೈಗುಳ ಗ್ಯಾರಂಟಿ ಎಂದು ನಾನು ಸೀಟಿನಲ್ಲೇ ಕುಗ್ಗಿದೆ. ಹುಡುಗಿಯ ತಂದೆ ಬಂದರು. ಮುರಿದ ಬೊಂಬು ನೋಡಿದರು, ನಮ್ಮ ನರೆತ ತಲೆ ನೋಡಿದರು. "ಹೋಗ್ಲಿ ಬಿಡಿ ಸಾರ್, ದೃಷ್ಟಿ ಕಳೀತು. ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು. ಕೂತೆವು. ಪಕ್ಕದವರು ಕೇಳಿದರು: "ತಾವು ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?" "ಚಪ್ಪರದ ಕಡೆಯವರು" ಅಂದರು ಇವರು. ಮುಯ್ಯಿ ಮಾಡಿ, ತೆಂಗಿನಕಾಯಿ ತಾಂಬೂಲ ಪಡೆದು ಹೊರಟೆವು.

ಕೊನೆಗೆ ಬೇಲೂರು. 1117ರ ಚೆನ್ನಕೇಶವನ ಗುಡಿಯನ್ನು ಶಾಲೆಯ ಪ್ರವಾಸದಿಂದ ಹಿಡಿದು ಹತ್ತು ಸಲವಾದರೂ ನೋಡಿದ್ದೇವೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಇದೇ ಮೊದಲು. ನಾನು ಮದನಿಕೆಯರನ್ನು ನೋಡುತ್ತಿದ್ದರೆ ಇವರು ಅಂಗಳದ ಕಲ್ಲುಕಂಬದ ಹತ್ತಿರ ಬಗ್ಗಿ ಕೂತಿದ್ದರು. 42 ಅಡಿಯ ಕಂಬ, ತಳಕ್ಕೆ ಗಾರೆಯಿಲ್ಲ, ತನ್ನ ಭಾರಕ್ಕೇ ನಿಂತಿದೆ. ಇವರು ಮೊಬೈಲ್ ತೆಗೆದು ಆ್ಯಪ್ ಹಚ್ಚಿ ಕಟ್ಟೆಯ ಮೇಲಿಟ್ಟರು. "ಇದು ಸಮ ಇಲ್ಲ ಅಂತಿದೆ ಕಣೇ!" ಎಂದು ಗಾಬರಿಯಾದರು. ಕಂಬ ಶತಮಾನಗಳಿಂದ ಅಲ್ಲಾಡಿಲ್ಲ. ಆ್ಯಪ್ ಅಂದೇ ಡಿಲೀಟ್ ಆಯಿತು.

ಹದಿನಾಲ್ಕನೇ ಸಂಜೆ ಹಾಸನದ ನಮ್ಮ ಮನೆ ಮುಂದೆ ಗಾಡಿ ನಿಂತಿತು. ಲೆಕ್ಕ ಹಾಕಿದರೆ ವ್ಯಾನಿನಲ್ಲಿ ಮಲಗಿದ್ದು ಐದು ರಾತ್ರಿ. ಅಡುಗೆ ಮಾಡಿದ್ದು ಅರ್ಧ ಸಲ, ಅದೂ ಹುರಿದ ರವೆ. ನಾಳೆ ಗಾಡಿ ಮೈಸೂರಿಗೆ ಹೋಗುತ್ತದೆ. ಇವರಿಗೆ ಮುಖ ಸಪ್ಪಗಾಯಿತು. ನನಗೇ ಅಯ್ಯೋ ಅನ್ನಿಸಿ, "ಇವತ್ತೊಂದು ರಾತ್ರಿ ಇದರಲ್ಲೇ ಮಲಗೋಣ. ಇಲ್ಲಿ ಯಾರು ಕೇಳ್ತಾರೆ?" ಅಂದೆ. ರಾತ್ರಿ ಉಪ್ಪಿಟ್ಟು ಮಾಡಿದೆ. ನಮ್ಮದೇ ಗೇಟಿನ ಮುಂದೆ, ಬೀದಿದೀಪದ ಬೆಳಕಿನಲ್ಲಿ, ತಟ್ಟೆ ತೊಡೆಯ ಮೇಲಿಟ್ಟು ತಿಂದೆವು. ನಮ್ಮ ಬೀದಿ ಇಷ್ಟು ಇಳಿಜಾರು ಎಂದು ಮಲಗಿದಾಗಲೇ ಗೊತ್ತಾಗಿದ್ದು.

ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದ ಸದ್ದು. ಎದುರುಮನೆಯವರು, ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾರೆ.

"ಮನೆ ಕೀ ಕಳ್ಕೊಂಡ್ರಾ? ರಾತ್ರಿಯೆಲ್ಲ ಹೀಗೇ ಇದ್ರಾ? ನಾವಿರೋದು ಯಾಕ್ರೀ ಮತ್ತೆ, ಒಂದು ಮಾತು ಹೇಳ್ಬಾರ್ದಾ? ಏಳಿ ಏಳಿ, ಕಾಫಿಗೆ ನೀರಿಟ್ಟಿದೀನಿ."

ಇವರು ಹೊದಿಕೆಯೊಳಗಿಂದಲೇ, "ತಿಂಡಿ ಏನು ಕೇಳು" ಅಂದರು.