ನಲವತ್ತು ಅಕ್ಷರ, ಇಪ್ಪತ್ತನಾಲ್ಕು ಸಾಲು

ಕಪ್ಪು ಹಿನ್ನೆಲೆಯ ಮೇಲೆ ಹಳದಿ, ಹಸಿರು, ತಿಳಿನೀಲಿ ಬಣ್ಣದ ಒರಟು ಅಕ್ಷರಗಳಿರುವ, ಟಿ.ವಿ. ಪರದೆಯ ಮೇಲೆ ಸುದ್ದಿ ಓದಿಸುತ್ತಿದ್ದ ಹಳೆಯ ಟೆಲಿಟೆಕ್ಸ್ಟ್ ಪುಟಗಳ ಚಿತ್ರವನ್ನು ಕಂಡರೆ ಸಾಕು, ಬ್ರಿಟನ್ನಿನಲ್ಲಿ ಬದುಕಿದ ನನ್ನ ತಲೆಮಾರಿನವರು ಕರಗಿಹೋಗುತ್ತಾರೆ. ನಾನೂ ಅದಕ್ಕೆ ಹೊರತಲ್ಲ. ಆದರೂ ಈ ಹಳಹಳಿಕೆಯ ಬಗ್ಗೆ ನನಗೊಂದು ತಕರಾರಿದೆ. ಎಲ್ಲರೂ ಮೆಚ್ಚಿ ಮಾತಾಡುವುದು ಆ ಅಕ್ಷರಗಳ ಚೆಲುವಿನ ಬಗ್ಗೆ, ಚೌಕ ಚುಕ್ಕೆಗಳಲ್ಲಿ ಕಟ್ಟಿದ ಮೋಡ-ಸೂರ್ಯರ ಬಗ್ಗೆ. ಓದುಗ ಯಾರೆಂದು ತಿಳಿಯದ, ತಿಳಿದುಕೊಳ್ಳುವ ದಾರಿಯೂ ಇಲ್ಲದ ಒಂದು ಸುದ್ದಿ ವ್ಯವಸ್ಥೆ ಕೋಟ್ಯಂತರ ಜನರ ಮನೆಯೊಳಗೆ ದಶಕಗಳ ಕಾಲ ಅಚ್ಚುಕಟ್ಟಾಗಿ ನಡೆದಿತ್ತು ಎಂಬುದನ್ನು ಯಾರೂ ಎತ್ತುವುದಿಲ್ಲ. ನಾವು ನಿಜಕ್ಕೂ ಕಳೆದುಕೊಂಡದ್ದು ಅದನ್ನು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲೇ ಇದ್ದ ಗೆಳೆಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಿಮ್ಮ ಹಳೆಯ ಟಿ.ವಿ. ರಿಮೋಟಿನಲ್ಲಿ ಯಾರೂ ಒತ್ತದೆ ಹೊಸದರಂತೆಯೇ ಉಳಿದ ನಾಲ್ಕು ಬಣ್ಣದ ಗುಂಡಿಗಳು ಮತ್ತು ಗೀಟುಗಳ ಚಿತ್ರವಿದ್ದ ಇನ್ನೊಂದು ಗುಂಡಿ ಇದ್ದವಲ್ಲ, ಅವು ಈ ಸೇವೆಗಾಗಿ ಇದ್ದವು. ಬಿಬಿಸಿಯ ಇಂಜಿನಿಯರುಗಳು ಮೊದಲು ಹುಡುಕುತ್ತಿದ್ದದ್ದು ಕಿವಿ ಕೇಳದ ವೀಕ್ಷಕರಿಗೆ ಕಾರ್ಯಕ್ರಮದ ಮಾತುಗಳನ್ನು ಪರದೆಯ ಕೆಳಗೆ ಬರಹದಲ್ಲಿ ತೋರಿಸುವ ದಾರಿಯನ್ನು. ಹುಡುಕುತ್ತ ಹೋದಾಗ ಅದೇ ದಾರಿಯಲ್ಲಿ ಇಡೀ ಪುಟವನ್ನೇ ಕಳುಹಿಸಬಹುದೆಂದು ಹೊಳೆಯಿತು. 1974ರ ಸೆಪ್ಟೆಂಬರ್ 23ರಂದು ಮೂವತ್ತು ಪುಟಗಳೊಂದಿಗೆ ಸೀಫ್ಯಾಕ್ಸ್ ಎಂಬ ಬಿಬಿಸಿಯ ಟೆಲಿಟೆಕ್ಸ್ಟ್ ಸೇವೆ ಆರಂಭವಾಯಿತು. ಮೊದಲ ಸಂಪಾದಕ ಕಾಲಿನ್ ಮ್ಯಾಕಿಂಟೈರ್ ಆರಂಭದ ದಿನಗಳಲ್ಲಿ ಒಬ್ಬರೇ ಕೂತು ಪುಟಗಳನ್ನು ತುಂಬುತ್ತಿದ್ದರು. 1990ರ ದಶಕದಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ನೋಡುವವರ ಸಂಖ್ಯೆ ಎರಡು ಕೋಟಿ ದಾಟಿತ್ತು. ಖಾಸಗಿ ವಾಹಿನಿಯಾದ ಐಟಿವಿಯ ಕಡೆ ಒರಾಕಲ್ ಎಂಬ ಪ್ರತಿಸ್ಪರ್ಧಿ ಇತ್ತು. 1993ರಿಂದ ಅದರ ಜಾಗಕ್ಕೆ ಟೆಲಿಟೆಕ್ಸ್ಟ್ ಎಂಬ ಹೆಸರಿನದೇ ಕಂಪನಿ ಬಂತು.

ಕೆಲಸ ಮಾಡುವ ಬಗೆ ಹೀಗೆ. ಹಳೆಯ ಟಿ.ವಿ.ಯ ಚಿತ್ರ 625 ಗೆರೆಗಳದ್ದು, ಆದರೆ ಅಷ್ಟೂ ಗೆರೆಗಳು ಪರದೆಯ ಮೇಲೆ ಕಾಣುವುದಿಲ್ಲ. ಚಿತ್ರ ಬರೆಯುವ ಕಿರಣ ಕೆಳತುದಿಗೆ ಬಂದು ಮತ್ತೆ ಮೇಲಕ್ಕೆ ಹೋಗುವ ಅವಧಿಯ ಕೆಲವು ಗೆರೆಗಳು ಖಾಲಿಯಾಗಿಯೇ ಹೋಗುತ್ತಿದ್ದವು. ಆ ಖಾಲಿ ಗೆರೆಗಳಲ್ಲಿ ಅಕ್ಷರಗಳ ಸಂಕೇತವನ್ನು ತುಂಬಿ, ಎಲ್ಲ ಪುಟಗಳನ್ನೂ ಒಂದರ ಹಿಂದೆ ಒಂದರಂತೆ ಹಗಲಿರುಳೂ ಸುತ್ತಿಸುತ್ತ ಪ್ರಸಾರ ಮಾಡುವುದು. ನಾವು ರಿಮೋಟಿನಲ್ಲಿ ಮೂರಂಕಿಯ ಸಂಖ್ಯೆ ಒತ್ತಿದಾಗ ನಮ್ಮಿಂದ ಯಾವ ಕೋರಿಕೆಯೂ ಎಲ್ಲಿಗೂ ಹೋಗುತ್ತಿರಲಿಲ್ಲ. ಟಿ.ವಿ.ಯೊಳಗಿನ ಚಿಪ್ ಆ ಸಂಖ್ಯೆಯ ಪುಟ ಬರುವವರೆಗೆ ಕಾದು ಹಿಡಿದು ತೋರಿಸುತ್ತಿತ್ತು, ಅಷ್ಟೇ. ಜಾತ್ರೆಯ ತಿರುಗುವ ತೊಟ್ಟಿಲಿನಲ್ಲಿ ನಮಗೆ ಬೇಕಾದವರು ಕೂತ ಪೆಟ್ಟಿಗೆ ಕೆಳಗೆ ಬರಲಿ ಎಂದು ಕಾಯುವ ಹಾಗೆ. ಆರಂಭದ ದಿನಗಳಲ್ಲಿ ನೂರು ಪುಟಗಳ ಒಂದು ಸುತ್ತಿಗೆ ಇಪ್ಪತ್ತೈದು ಸೆಕೆಂಡುಗಳ ಆಸುಪಾಸು ಹಿಡಿಯುತ್ತಿತ್ತು. ಎಲ್ಲರೂ ಮೊದಲು ನೋಡುವ 100ನೆಯ ಪುಟವನ್ನು ಮಾತ್ರ ಸುತ್ತಿನ ನಡುವೆ ಹಲವು ಸಲ ಸೇರಿಸಿ ಬೇಗ ಸಿಗುವಂತೆ ಮಾಡುತ್ತಿದ್ದರು.

ಇದರಿಂದ ಎರಡು ಸಂಗತಿಗಳು ತಾವಾಗಿಯೇ ಬಂದವು. ಚುನಾವಣೆಯ ರಾತ್ರಿ ಹತ್ತು ಜನ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಪುಟ ಅದೇ ವೇಗದಲ್ಲಿ ಬರುತ್ತಿತ್ತು. ಇವತ್ತು ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಜಾಲತಾಣ ಕೂತುಬಿಡುವ ಹಾಗೆ ಅದು ಕೂರಲು ಸಾಧ್ಯವೇ ಇರಲಿಲ್ಲ. ಇನ್ನೊಂದು, ಯಾವ ಮನೆಯಲ್ಲಿ ಯಾರು ಯಾವ ಪುಟ ತೆರೆದರು, ಎಷ್ಟು ಹೊತ್ತು ಓದಿದರು ಎಂಬುದು ಕಳುಹಿಸಿದವರಿಗೆ ತಿಳಿಯುವ ಹಾಗೇ ಇರಲಿಲ್ಲ. ಇಲ್ಲಿ ಯಾರ ಸದ್ಗುಣವನ್ನೂ ಹೊಗಳಬೇಕಾಗಿಲ್ಲ, ತಂತ್ರವೇ ಹಾಗಿತ್ತು. ಆದರೆ ಅದರ ಪರಿಣಾಮ ಸಂಪಾದಕರ ಮೇಲೆ ಆಗುತ್ತಿತ್ತು. ಯಾವ ಶೀರ್ಷಿಕೆಗೆ ಎಷ್ಟು ಜನ ಬಿದ್ದರು ಎಂದು ಗಂಟೆಗೊಮ್ಮೆ ನೋಡಲು ಸಾಧ್ಯವಿಲ್ಲದವನು ಯಾವುದು ಮುಖ್ಯ ಸುದ್ದಿ ಎಂಬುದನ್ನು ತನ್ನ ತಲೆಯಿಂದಲೇ ನಿರ್ಧರಿಸಬೇಕಾಗುತ್ತದೆ.

ನಾನು ಇದರ ಸವಿಯುಂಡದ್ದು ಮುಖ್ಯವಾಗಿ ಕ್ರಿಕೆಟ್ಟಿನಿಂದ. 1999ರ ಫೆಬ್ರವರಿ 7, ಭಾನುವಾರ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಗೆಲ್ಲಲು 420 ರನ್ ಬೇಕಿದ್ದ ಪಾಕಿಸ್ತಾನ ಊಟದ ವಿರಾಮದ ಹೊತ್ತಿಗೆ ಒಂದೂ ವಿಕೆಟ್ ಕಳೆದುಕೊಳ್ಳದೆ 101 ರನ್ ಗಳಿಸಿತ್ತು. ನಾನಾಗ ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ರಾತ್ರಿ ಪಾಳಿಯ ಕೊನೆಯಲ್ಲಿ ವೈದ್ಯರ ವಿಶ್ರಾಂತಿ ಕೋಣೆಗೆ ಬಂದರೆ ಲಾಹೋರಿನ ಸಹೋದ್ಯೋಗಿಯೊಬ್ಬರು ಸೀಫ್ಯಾಕ್ಸಿನ ಸ್ಕೋರ್ ಪುಟ ಹಾಕಿಕೊಂಡು ಟೀ ಕುಡಿಯುತ್ತ ಕೂತಿದ್ದರು. ಪಂದ್ಯದ ಚಿತ್ರ ತೋರಿಸುವ ಚಾನೆಲ್ ನಮ್ಮ ಕೋಣೆಯಲ್ಲಿರಲಿಲ್ಲ. ಪುಟವೇ ನಮ್ಮ ಮೈದಾನ. ಅಫ್ರಿದಿಯ ಎದುರು ಮೋಂಗಿಯಾ ಹಿಡಿದ ಕ್ಯಾಚ್, ಬೌಲರ್ ಕುಂಬ್ಳೆ. ಇಜಾಜ್ ಎಲ್‌ಬಿಡಬ್ಲ್ಯು, ಕುಂಬ್ಳೆ. ಇಂಜಮಾಮ್ ಬೌಲ್ಡ್, ಕುಂಬ್ಳೆ. ಯೂಸುಫ್, ಮೊಯಿನ್, ಅನ್ವರ್. ಪುಟ ಪ್ರತಿ ಸಲ ಹೊಸದಾದಾಗಲೂ ಬಲಗಡೆಯ ಸಾಲಿನಲ್ಲಿ ಅದೇ ಹೆಸರು ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಏಳೋ ಎಂಟೋ ಆದಾಗ ಅವರು ಕಪ್ಪು ಕೆಳಗಿಟ್ಟು, "ಭಾಯ್, ಈ ಟಿ.ವಿ. ಕೆಟ್ಟಿದೆ, ಎಲ್ಲರ ಮುಂದೆಯೂ ಒಂದೇ ಹೆಸರು ತೋರಿಸುತ್ತಿದೆ" ಎಂದರು. ಕೊನೆಗೆ ವಾಸಿಂ ಅಕ್ರಂ ಕೊಟ್ಟ ಕ್ಯಾಚ್ ಲಕ್ಷ್ಮಣ್ ಕೈಸೇರಿ, 207ಕ್ಕೆ ಎಲ್ಲರೂ ಔಟಾದಾಗ 26.3 ಓವರ್, 74 ರನ್, ಹತ್ತು ವಿಕೆಟ್ ಎಂಬ ಸಾಲು ಬಂತು. ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಆಮೇಲೆ ಅವರೇ ಮೊದಲು ಎದ್ದು ಕೈಕುಲುಕಿದರು.

ಒಂಬತ್ತನೆಯ ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ನಮ್ಮ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ಆಚೆಗೆ ಚೆಂಡು ಹಾಕಿ ಗೆಳೆಯನಿಗೆ ದಾರಿ ಬಿಟ್ಟುಕೊಟ್ಟ ಸಂಗತಿ ಆ ಪುಟದಲ್ಲಿರಲಿಲ್ಲ. ಆಮೇಲೆ ಬೆಂಗಳೂರಿಗೆ ಫೋನ್ ಮಾಡಿದಾಗ ಅಣ್ಣ ಹೇಳಿದ. ಟೆಲಿಟೆಕ್ಸ್ಟ್ ಎಲ್ಲವನ್ನೂ ಹೇಳುತ್ತಿತ್ತು ಎಂದು ನಾನು ವಾದಿಸುವುದಿಲ್ಲ.

ವಿಮಾನಗಳ ಪುಟವನ್ನು ಮರೆಯುವಂತಿಲ್ಲ. ಊರಿನಿಂದ ಅತ್ತೆ ಮಾವ ಬರುವ ದಿನ, ಹೀಥ್ರೂಗೆ ಮೂರು ನಾಲ್ಕು ಗಂಟೆಗಳ ದಾರಿ ಹೊರಡುವ ಮುನ್ನ ವಿಮಾನ ತಡವಾಗಿದೆಯೇ ಎಂದು ನೋಡಲು ನಾವು ತೆರೆಯುತ್ತಿದ್ದದ್ದು ಟಿ.ವಿ.ಯ ಆಗಮನ ಪುಟವನ್ನು. ಐಟಿವಿಯ ಕಡೆಯ ಪುಟಗಳಲ್ಲಿ ದೆಹಲಿ, ಮುಂಬೈಗಳ ಅಗ್ಗದ ಟಿಕೆಟ್ಟುಗಳ ಜಾಹೀರಾತು ಇರುತ್ತಿತ್ತು. ಒಂದೇ ಸಂಖ್ಯೆಯ ಅಡಿಯಲ್ಲಿ ಹತ್ತಾರು ಉಪಪುಟಗಳು ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು. ಫೋನ್ ನಂಬರಿನ ಕೊನೆಯ ಎರಡು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಪುಟ ಮುಂದಕ್ಕೆ ಹೋಗಿ, ಅದು ಮತ್ತೆ ಬರುವವರೆಗೆ ಪೆನ್ನು ಹಿಡಿದು ಕೂರಬೇಕಾಗುತ್ತಿತ್ತು. ಇದನ್ನು ತಡೆಯಲೆಂದೇ ರಿಮೋಟಿನಲ್ಲಿ ಹೋಲ್ಡ್ ಎಂಬ ಗುಂಡಿ ಇತ್ತು. ಅದನ್ನು ಸರಿಯಾದ ಹೊತ್ತಿಗೆ ಒತ್ತುವುದು ಮನೆಯಲ್ಲಿ ನನ್ನಾಕೆಗೆ ಮಾತ್ರ ಸಿದ್ಧಿಸಿದ ವಿದ್ಯೆ.

ಬರವಣಿಗೆಯ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಮುಖ್ಯವಾದದ್ದು ಅದು. ಒಂದು ಸಾಲಿಗೆ ನಲವತ್ತು ಅಕ್ಷರ, ಪುಟಕ್ಕೆ ಇಪ್ಪತ್ತನಾಲ್ಕು ಸಾಲು. ಅದರಲ್ಲಿ ಮೊದಲ ಸಾಲು ಪುಟಸಂಖ್ಯೆ, ದಿನಾಂಕ ಮತ್ತು ಸೆಕೆಂಡುಗಳ ಸಮೇತ ಓಡುವ ಗಡಿಯಾರಕ್ಕೆ ಮೀಸಲು. ಜನ ಕೈಗಡಿಯಾರವನ್ನು ಅದಕ್ಕೇ ಹೊಂದಿಸಿಕೊಳ್ಳುತ್ತಿದ್ದರು. ಬಣ್ಣ ಬದಲಿಸುವ ಸಂಕೇತವೂ ಒಂದು ಅಕ್ಷರದ ಜಾಗವನ್ನು ನುಂಗುತ್ತಿದ್ದುದರಿಂದ ಸಾಲಿನ ನಡುವೆ ಬಿಳಿಯಿಂದ ಹಳದಿಗೆ ಹೋಗಬೇಕಾದರೂ ಒಂದು ಮನೆ ಖಾಲಿ ಬಿಡಬೇಕಾಗುತ್ತಿತ್ತು. ಇಷ್ಟು ಇಕ್ಕಟ್ಟಿನಲ್ಲಿ ಒಂದು ವಿಮಾನಾಪಘಾತವನ್ನೋ ಬಜೆಟ್ಟನ್ನೋ ಹೇಳಿ ಮುಗಿಸಬೇಕಾದ ಪತ್ರಕರ್ತ ವಿಶೇಷಣಗಳನ್ನು ಎಲ್ಲಿಂದ ತರಬೇಕು? ಎಲ್ಲಿ, ಯಾವಾಗ, ಎಷ್ಟು ಜನ, ಯಾರು ಏನೆಂದರು: ನಾಲ್ಕು ಚಿಕ್ಕ ಪ್ಯಾರಾಗಳಲ್ಲಿ ಮುಗಿಯಿತು. ಬಿಬಿಸಿಯ ಸುದ್ದಿ ಜಾಲತಾಣ ಬಂದ ಮೇಲೆ ಅಲ್ಲಿನ ಬರಹಗಳ ಮೊದಲ ನಾಲ್ಕು ಪ್ಯಾರಾಗಳನ್ನೇ ಸೀಫ್ಯಾಕ್ಸಿಗೂ ಬಳಸುತ್ತಿದ್ದರು. ಆದ್ದರಿಂದ ಜಾಲತಾಣಕ್ಕೆ ಬರೆಯುವವರೂ ಮೊದಲ ನಾಲ್ಕರಲ್ಲೇ ವಿಷಯ ಮುಗಿಸಬೇಕಾಗುತ್ತಿತ್ತು. "ಆ ಊರಿನಲ್ಲಿ ನಡೆದದ್ದೇನು ಗೊತ್ತಾದರೆ ಬೆಚ್ಚಿಬೀಳ್ತೀರ" ಎಂಬ ಜಾತಿಯ ತಲೆಬರಹಕ್ಕೆ ಅಲ್ಲಿ ಜಾಗವೂ ಇರಲಿಲ್ಲ, ಅದರಿಂದ ಲಾಭವೂ ಇರಲಿಲ್ಲ.

ಅದರ ಕೊರತೆಗಳು ನನಗೆ ಗೊತ್ತಿಲ್ಲದವೇನಲ್ಲ. ಮಳೆಗಾಳಿಯ ದಿನ ಆಂಟೆನಾ ಸ್ವಲ್ಪ ವಾಲಿದರೆ ಅರ್ಧ ವಾಕ್ಯ ಅಕ್ಷರಗಳ ಚಿತ್ರಾನ್ನವಾಗುತ್ತಿತ್ತು. ಚಿತ್ರವಿಲ್ಲ, ಹಿಂದಿನ ವಾರದ್ದನ್ನು ಹುಡುಕುವಂತಿಲ್ಲ, ಓದುಗ ಮರುಮಾತು ಹೇಳುವಂತಿಲ್ಲ. ಐಟಿವಿಯ ಪುಟಗಳಲ್ಲಿ ಜಾಹೀರಾತುಗಳು ಧಾರಾಳವಾಗಿದ್ದವು. ಹಳೆಯದನ್ನು ನೆನೆಯುವ ಭರದಲ್ಲಿ ಅದೊಂದು ಪವಿತ್ರ ಲೋಕವಾಗಿತ್ತು ಎಂದು ಬರೆಯುವವರು ಅದನ್ನು ಮರೆಯುತ್ತಾರೆ.

ನಮ್ಮಲ್ಲಿ ಯಾಕೆ ಬೇರೂರಲಿಲ್ಲ ಎಂಬುದು ಬೇರೆಯೇ ಕಥೆ. ದೂರದರ್ಶನ 1985ರಲ್ಲಿ ದೆಹಲಿಯಲ್ಲಿ ಇನ್‌ಟೆಕ್ಸ್ಟ್ ಎಂಬ ಹೆಸರಿನಲ್ಲಿ ಇಂಥ ಸೇವೆಯನ್ನು ಆರಂಭಿಸಿತ್ತು. ಆದರೆ ಅದನ್ನು ಓದಲು ಟಿ.ವಿ.ಯೊಳಗೆ ಬೇರೆ ಚಿಪ್ ಬೇಕು. ಬಡಾವಣೆಗೆಲ್ಲ ಒಂದೋ ಎರಡೋ ಟಿ.ವಿ. ಇದ್ದ ಕಾಲದಲ್ಲಿ ಅದು ಯಾರ ಮನೆಯಲ್ಲಿತ್ತು? ಲಿಪಿಯ ತೊಡಕು ಇನ್ನೂ ದೊಡ್ಡದು. ಆ ಚಿಪ್ಪುಗಳಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು ಅಗಲಕ್ಕೆ ಐದು, ಎತ್ತರಕ್ಕೆ ಒಂಬತ್ತು ಚುಕ್ಕೆಗಳ ಜಾಗ. ಇಂಗ್ಲಿಷಿಗೆ ಸಾಕು, ರಷ್ಯನ್, ಗ್ರೀಕ್ ಭಾಷೆಗಳಿಗೂ ಹೇಗೋ ಹೊಂದಿಸಿದರು. ಆದರೆ ತಲೆಕಟ್ಟಿನ ಮೇಲೆ ಗುಡಿಸು, ಅಡಿಯಲ್ಲಿ ಒತ್ತಿನ ಮೇಲೊಂದು ಒತ್ತು, ಪಕ್ಕದಲ್ಲಿ ದೀರ್ಘ ಇಟ್ಟುಕೊಂಡು ಬರುವ ನಮ್ಮ 'ಕ್ಷ್ಮೀ' ಆ ಗೂಡಿನೊಳಗೆ ಹೇಗೆ ಕೂರಬೇಕು? ಹೀಗಾಗಿ, ಮುಂದೆ ಬಂದ ಬಣ್ಣದ ಟಿ.ವಿ.ಗಳ ಜೊತೆ ರಿಮೋಟಿನ ಗುಂಡಿಗಳು ನಮ್ಮ ಮನೆಗಳಿಗೆ ಬಂದವು, ಅವು ತೆರೆಯಬೇಕಾದ ಪುಟಗಳು ಬರಲಿಲ್ಲ.

ಸೀಫ್ಯಾಕ್ಸ್ ನಿಂತದ್ದು 2012ರ ಅಕ್ಟೋಬರ್ 23ರ ರಾತ್ರಿ, ಉತ್ತರ ಐರ್ಲೆಂಡಿನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಂತಾಗ. ಅದರ ಜಾಗಕ್ಕೆ ಬಂದಿದ್ದ ರೆಡ್ ಬಟನ್ ಎಂಬ ಡಿಜಿಟಲ್ ಸೇವೆಯ ಬರಹ ಪುಟಗಳನ್ನೂ 2020ರ ಜನವರಿಯಲ್ಲಿ ಮುಚ್ಚಲು ಬಿಬಿಸಿ ಹೊರಟಾಗ, ವಯಸ್ಸಾದವರು ಮತ್ತು ಅಂಗವಿಕಲರು ಇದನ್ನೇ ನಂಬಿದ್ದಾರೆಂದು ಅಂಧರ ಸಂಘಟನೆಯೊಂದು ಮನವಿ ಸಲ್ಲಿಸಿತು. ಮುಚ್ಚುವ ಹಿಂದಿನ ದಿನ ನಿರ್ಧಾರವನ್ನು ತಡೆಹಿಡಿದರು. ಸ್ಮಾರ್ಟ್‌ಫೋನು ಎಲ್ಲರ ಕೈಗೂ ಬಂದಿದೆ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅತ್ತ ನೆದರ್‌ಲ್ಯಾಂಡ್ಸಿನಲ್ಲಿ 1980ರಲ್ಲಿ, ಸ್ವೀಡನ್ನಿನಲ್ಲಿ 1979ರಲ್ಲಿ ಆರಂಭವಾದ ಸೇವೆಗಳು ಡಿಜಿಟಲ್ ಕಾಲವನ್ನೂ ದಾಟಿ ಬಂದವು, ಜನ ಅವನ್ನು ಫೋನಿನಲ್ಲೂ ಅದೇ ಕಪ್ಪು ಪುಟವಾಗಿ ಓದತೊಡಗಿದರು. ಸ್ವೀಡನ್ನಿನಲ್ಲಿ 377 ಎಂದರೆ ಆಟಗಳ ಫಲಿತಾಂಶದ ಪುಟ ಎಂದು ಕ್ರೀಡಾಪ್ರಿಯರಿಗೆಲ್ಲ ಗೊತ್ತು. ಇನ್ನು ಕೆಲವು ಹವ್ಯಾಸಿಗಳಂತೂ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಧಾರಾವಾಹಿಯ ಜೊತೆಗೇ ಅಡಗಿ ಕೂತ ಟೆಲಿಟೆಕ್ಸ್ಟ್ ಸಂಕೇತವನ್ನು ಕಂಪ್ಯೂಟರಿನಿಂದ ಹೆಕ್ಕಿ, ಒಂದೇ ಪುಟದ ಹಲವು ಮಸುಕು ಪ್ರತಿಗಳನ್ನು ತಾಳೆ ನೋಡಿ ಮೂಲವನ್ನು ಓದುತ್ತಿದ್ದಾರೆ. ಶಾಸನ ಓದುವವರ ತಾಳ್ಮೆ ಅದು.

ಮೈಸೂರಿಗೆ ಮರಳಿದ ಮೇಲೆ ನನಗೆ ಈ ಸೇವೆ ನೆನಪಾಗುವುದು ಜೂನ್, ಜುಲೈ ತಿಂಗಳುಗಳಲ್ಲಿ. ಮಳೆ ಹಿಡಿದೊಡನೆ ಇಲ್ಲಿ ಪ್ರತಿಯೊಬ್ಬರೂ ಬೆಳಿಗ್ಗೆ ಕೇಳುವುದು ಕಟ್ಟೆಯಲ್ಲಿ ನೀರು ಎಷ್ಟಾಯಿತು ಎಂದು. ಕೆಆರ್‌ಎಸ್ ಗರಿಷ್ಠ 124.80 ಅಡಿ, ಕಬಿನಿ 2,284 ಅಡಿ, ತುಂಗಭದ್ರಾ 1,633 ಅಡಿ, ಲಿಂಗನಮಕ್ಕಿ 1,819 ಅಡಿ; ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಪತ್ರಿಕೆಯ ಮೂಲೆಯಲ್ಲಿ ಮೂರು ಬೆರಳಗಲದ ಚೌಕದಲ್ಲಿ ಹಿಡಿಯುವ ಈ ಮಾಹಿತಿಯನ್ನು ಫೋನಿನಲ್ಲಿ ಹುಡುಕಿದರೆ, ತಾನಾಗಿ ಕಿರುಚಲು ಶುರುಮಾಡುವ ವಿಡಿಯೊ, ಕುಕಿಗಳಿಗೆ ಒಪ್ಪಿಗೆ ಕೇಳುವ ಚೌಕ, ಎರಡು ಜಾಹೀರಾತು ಮತ್ತು ಕಾವೇರಿಯ ಇತಿಹಾಸದ ಮೂರು ಪ್ಯಾರಾಗಳನ್ನು ದಾಟಿದ ಮೇಲೆ ಸಿಗುವ ಅಂಕಿ ಮೊನ್ನೆಯದಾಗಿರುತ್ತದೆ. ಜಲಾಶಯದ ಮಟ್ಟ, ಎಪಿಎಂಸಿ ಧಾರಣೆ, ಮಳೆಯ ಮುನ್ಸೂಚನೆ, ಘಾಟಿ ರಸ್ತೆ ತೆರೆದಿದೆಯೇ ಮುಚ್ಚಿದೆಯೇ ಎಂಬುದು: ಇಷ್ಟಕ್ಕೆ ಕನ್ನಡದಲ್ಲಿ ಹತ್ತು ಪುಟ ಸಾಕು. ನಮ್ಮ ಲಿಪಿಯನ್ನು ಕೂರಿಸಲಾಗದ ಚಿಪ್ಪಿನ ಕಾಲ ಮುಗಿದು ಎಷ್ಟೋ ವರ್ಷಗಳಾದವು, ತಂತ್ರದ ನೆಪ ಈಗ ನಡೆಯದು. ಸಾರ್ವಜನಿಕ ಹಣದಿಂದ ನಡೆಯುವ ಪ್ರಸಾರ ಸಂಸ್ಥೆಯೋ ವಾರ್ತಾ ಇಲಾಖೆಯೋ ಈ ಹತ್ತು ಪುಟಗಳನ್ನು ದಿನಕ್ಕೆ ನಾಲ್ಕು ಸಲ ತಿದ್ದಿ ಹಾಕಿದರೆ ಸಾಕು. ಇದರಿಂದ ಆದಾಯವೇನು ಎಂದು ಕೇಳುವವರಿಗೆ ಉತ್ತರ ಇಷ್ಟೇ: ಸೀಫ್ಯಾಕ್ಸಿಗೂ ಜಾಹೀರಾತಿನ ಆದಾಯ ಇರಲಿಲ್ಲ, ಟಿ.ವಿ. ಪರವಾನಗಿಗೆ ಜನ ಕಟ್ಟುತ್ತಿದ್ದ ಹಣದಲ್ಲೇ ಮೂವತ್ತೆಂಟು ವರ್ಷ ನಡೆಯಿತು. ಕಟ್ಟೆಯ ನೀರಿನ ಮಟ್ಟ ಹೇಳುವುದಕ್ಕೆ ನನ್ನ ವಯಸ್ಸೆಷ್ಟು, ಕಳೆದ ವಾರ ನಾನು ಯಾವ ಮಿಕ್ಸಿಯ ಬೆಲೆ ನೋಡಿದೆ ಎಂಬುದು ಯಾರಿಗೂ ಬೇಕಾಗಿಲ್ಲ.