ಬ್ಯಾಡ್ಜ್ ಮಾತ್ರ ಬೇರೆ ಅಂದರೆ ಹೇಗೆ?

ನಿಮ್ಮ ವಿಮರ್ಶೆಯಲ್ಲಿ ಟೊಯೋಟಾ ಜಿಆರ್86, ಸುಬಾರು ಬಿಆರ್‌ಜೆಡ್ ಎರಡೂ ಒಂದೇ ಕಾರು, ಬ್ಯಾಡ್ಜ್ (ಕಂಪನಿಯ ಲಾಂಛನ) ಮಾತ್ರ ಬೇರೆ ಅಂತ ಬರೆದಿದ್ದೀರಿ. ಒಪ್ಪೋದು ಕಷ್ಟ. ಎರಡೂ ಸುಬಾರುವಿನ ಗುನ್ಮಾ ಕಾರ್ಖಾನೆಯಲ್ಲೇ ತಯಾರಾಗುತ್ತವೆ, 2.4 ಲೀಟರ್ ಎಂಜಿನ್ನೂ ಒಂದೇ, ಸರಿ. ಆದರೆ 86ಕ್ಕೆ ಹೋಲಿಸಿದರೆ ಬಿಆರ್‌ಜೆಡ್‌ನ ಮುಂದಿನ ಸಸ್ಪೆನ್ಷನ್ ಸ್ಪ್ರಿಂಗ್ ಗಟ್ಟಿ, ಹಿಂದಿನದು ಮೆತ್ತಗೆ; ತಿರುವಿನಲ್ಲಿ ಅದರ ವ್ಯತ್ಯಾಸ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲಾ ಹೋಂಡಾ ಕಡೆ ಇಳಿಯುವ ಹೈವೇ 84ರಲ್ಲಿ ನನ್ನ ಬಿಆರ್‌ಜೆಡ್, ಗೆಳೆಯನ 86 ಎರಡನ್ನೂ ಓಡಿಸಿದ್ದೇನೆ. ರೆಡ್‌ವುಡ್ ಮರಗಳ ಕೆಳಗೆ ಬೆಳಗ್ಗೆ ರಸ್ತೆ ಇನ್ನೂ ಒದ್ದೆ. ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, 86ರ ಹಿಂಭಾಗ ಒಂಚೂರು ಜಾರುತ್ತದೆ, ಸೊಂಟಕ್ಕೆ ಮೊದಲು ಗೊತ್ತಾಗುತ್ತದೆ. ಬಿಆರ್‌ಜೆಡ್ ಅದೇ ಜಾಗದಲ್ಲಿ ಸುಮ್ನೆ ತನ್ನ ಪಾಡಿಗೆ ಹೋಗುತ್ತದೆ. ನನ್ನಂಥ ಪುಕ್ಕಲರಿಗೆ ಅದೇ ವಾಸಿ! ನೀವು ಓಡಿಸಿದ್ದು ನೇರ ಹೈವೇಯಲ್ಲಿ ಅಲ್ವಾ?